ನಿನ್ನ ಎಡಗಣ್ಣಿನ ಮೇಲೆ ನನ್ನ ಹೊಟ್ಟೆಕಿಚ್ಚು

ದೋಸ್ತ ಜಾಹೀದನಿಗೆ, ಅಕ್ಕಿಆಲೂರಿನ ಸುಭಾಸ ಬರೆಯುವುದು.

ನಿಮ್ಮ ಮನೆ ನಮ್ಮ ಮನೆಯಿಂದ ನಾಲ್ಕು ಓಣಿ ಆಚೆ. ಇಷ್ಟು ಹತ್ತಿರ ಇರುವವನಿಗೆ ಪತ್ರ ಯಾಕೆ ಎಂದು ನೀನು ನಗುತ್ತೀ. ನಗು. ಎದುರಿಗೆ ಬಂದರೆ ನಾನು ಒದರಾಡುತ್ತೇನೆ, ಫೋನಿನಲ್ಲಾದರೆ ನಡುವೆಯೇ ಕಟ್ ಮಾಡುತ್ತೇನೆ. ಹಾಳೆಯ ಮೇಲೆ ಮಾತ್ರ ನಾನು ಒಂದು ಮಾತನ್ನು ಕೊನೆತನಕ ಒಯ್ಯಬಲ್ಲೆ. ಶಾಲೆ ಬಿಟ್ಟವನಿಗೆ ಬರೆಯುವ ಹುಚ್ಚು ಎಲ್ಲಿಂದ ಹತ್ತಿತೋ ಎಂದು ನಮ್ಮ ಅಪ್ಪ ಶಿದ್ಲಿಂಗಪ್ಪ ಈಗಲೂ ಕೇಳುತ್ತಾನೆ. ನಾನು ಬಿಟ್ಟದ್ದು ಶಾಲೆಯನ್ನು, ಓದುವುದನ್ನಲ್ಲ.

ತೋಟದಲ್ಲಿ ನಾವು ಜಗಳಾಡಿ ವಾರ ದಾಟಿತು. ನೀನು ತಮ್ಮ ಇಮ್ರಾನನನ್ನು ಎರಡು ಸಲ ಕಳಿಸಿದೆ. ಅವನು ಒಳಗೆ ಬಾರದೆ ಬಾಗಿಲಲ್ಲೇ ನಿಂತು ಪಾಠ ಒಪ್ಪಿಸುವವನ ಹಾಗೆ ಹೇಳಿದ: "ಅಣ್ಣ ಕೇಳ್ಯಾನ. ತೋಟಕ್ಕ ಬರ್ತೀಯೋ, ಇಲ್ಲಾ ದೋಸ್ತಿ ಮುಗೀತೋ? ಒಂದ ಮಾತಿನ್ಯಾಗ ಹೇಳಂತ." ಒಂದು ಮಾತಿನಲ್ಲಿ ಹೇಳಲು ನನಗೆ ಆಗಲಿಲ್ಲ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮೊದಲು ದೊಡ್ಡ ಮಾತು ಮುಗಿಸಿಬಿಡುತ್ತೇನೆ. ನನಗೆ ಹೊಟ್ಟೆಕಿಚ್ಚಾಗಿದೆ. ನಿನ್ನ ಹೊಸ ಬೈಕಿನ ಮೇಲಲ್ಲ. ನಿಮ್ಮ ಅಪ್ಪ ಫಕ್ರುಸಾಬ ಗುತ್ತಿಗೆ ಹಿಡಿದು ಈ ಸಲ ನಿನ್ನ ಕೈಗೇ ಬಿಟ್ಟ ತಿಳವಳ್ಳಿಯ ಮಾವಿನ ತೋಟದ ಮೇಲೂ ಅಲ್ಲ. ನಿನ್ನ ಎಡಗಣ್ಣಿನ ಮೇಲೆ. ಬರೀ ಒಂದು ಕಣ್ಣಿನ ಮೇಲೆ ಮನುಷ್ಯ ಹೊಟ್ಟೆಕಿಚ್ಚು ಪಡುತ್ತಾನೆಯೇ ಎಂದು ಯಾರಾದರೂ ಕೇಳಿದರೆ ನನ್ನನ್ನು ತೋರಿಸು.

ನಿನ್ನ ಕಣ್ಣು ಸರಿಹೋದದ್ದು ನನಗೆ ಸಂತೋಷ ಎಂದು ಊರಿನವರ ಮುಂದೆಲ್ಲ ಹೇಳಬೇಕಾಗಿ ಬಂದಾಗ ನಾನು ಸುಮ್ಮನೆ ನಿಂತೆ. ಸಂತೋಷ ಇರಲಿಲ್ಲ, ಹೇಳಲಿಲ್ಲ. ಆಮೇಲೆ ಒಂದು ಸಲ ನಿನಗೆ ತಲೆನೋವು ಬಂದು ಎರಡು ದಿನ ಕಣ್ಣಿನ ತರಬೇತಿ ನಿಲ್ಲಿಸಿದ್ದೆಯಲ್ಲ, ಆಗ ನಾನು ಹೊಟ್ಟೆ ತುಂಬ ಊಟ ಮಾಡಿದೆ. ಇದನ್ನು ಓದಿ ನಿನಗೆ ನೋವಾಗುತ್ತದೆ. ಆದರೂ ಇದನ್ನು ಬಿಟ್ಟು ಉಳಿದದ್ದನ್ನು ಬರೆದರೆ ಪತ್ರ ಸುಳ್ಳಾಗುತ್ತದೆ.

ನಮ್ಮ ಬೆಂಚು ನಿನಗೆ ನೆನಪಿದೆ. ನಿನ್ನ ಎಡಗಣ್ಣು ಮಂದ, ನನ್ನ ಬಲಗಣ್ಣು ಮಂದ. ನಾನು ಎಡಕ್ಕೆ, ನೀನು ಬಲಕ್ಕೆ ಕೂಡುತ್ತಿದ್ದೆವು. ಹಾಗೆ ಕೂತರೆ ಚಲೋ ಕಣ್ಣು ಎರಡೂ ಹೊರಗಡೆ, ಮಂದ ಕಣ್ಣು ಎರಡೂ ನಡುವೆ. ಕಿಟಕಿಯಲ್ಲಿ ಹೋಗುವವರು ನನಗೆ ಕಾಣುತ್ತಿದ್ದರು, ಬಾಗಿಲಲ್ಲಿ ಬರುವ ಮಾಸ್ತರು ನಿನಗೆ ಕಾಣುತ್ತಿದ್ದರು. ನಡುವೆ ಇಟ್ಟ ಪೆನ್ಸಿಲ್ ಪೆಟ್ಟಿಗೆ ಮಾತ್ರ ದಿನಾ ಕೆಳಗೆ ಬೀಳುತ್ತಿತ್ತು. ದಣಿದಾಗ ನಮ್ಮ ಕಣ್ಣು ತುಸು ಓರೆಗೆ ಸರಿಯುತ್ತಿದ್ದವು. ಆಗ ಹುಡುಗರಿಗೆ ಹಬ್ಬ. "ಏ ಮೆಳ್ಳ, ನನ್ನ ನೋಡಾಕತ್ತೀಯೋ, ಗ್ವಾಡಿ ನೋಡಾಕತ್ತೀಯೋ?" ಎಂದು ಒಬ್ಬ ಕೇಳಿದ್ದಕ್ಕೆ ನೀನು, "ಗ್ವಾಡಿನ ನೋಡಾಕತ್ತೇನಿ. ನಿನ್ನ ಮಾರಿಗಿಂತ ಅದ ಚಂದ ಐತಿ" ಎಂದಿದ್ದೆ. ಅಂದಿನಿಂದ ನನಗೆ ನೀನು ದೋಸ್ತ. ಅದಕ್ಕೂ ಮುಂಚೆ ಬರೀ ಪಕ್ಕದಲ್ಲಿ ಕೂಡುವವನು.

ನಾಲ್ಕನೆಯ ಇಯತ್ತೆಯಲ್ಲಿ ಕಣ್ಣಿನ ಶಿಬಿರ ಬಂತು. ನಮ್ಮಿಬ್ಬರಿಗೂ ಒಂದೇ ದಿನ ಕನ್ನಡಕ, ಒಂದೇ ದಿನ ಪಟ್ಟಿ. ಚಲೋ ಕಣ್ಣು ಮುಚ್ಚಿ ಮಂದ ಕಣ್ಣಿಂದ ದಿನಾ ಕೆಲಸ ತೆಗೆಯಬೇಕು, ಬಿಟ್ಟರೆ ಅದು ಹಾಗೇ ಉಳಿಯುತ್ತದೆ ಎಂದು ಅವರು ಹೇಳಿದ್ದನ್ನು ನಾವಿಬ್ಬರೂ ಕೇಳಿದ್ದೆವು. ಮನೆಯಲ್ಲಿ ಹೇಳಿದ್ದೂ ಉಂಟು. ಆದರೆ ನಮ್ಮ ಮನೆಯಲ್ಲಿ ಕಣ್ಣಿನ ವಿಷಯದಲ್ಲಿ ನನ್ನ ಮಾತಿಗಿಂತ ನಮ್ಮ ಅಜ್ಜಿ ಅನ್ನವ್ವ ಆಯಿಯ ಮಾತು ದೊಡ್ಡದು. ಅವಳು ಹಿಂದಿನ ವರ್ಷವೇ ಹಾನಗಲ್ಲಿಗೆ ಹೋಗಿ ಕಣ್ಣಿನ ಪೊರೆ ತೆಗೆಸಿಕೊಂಡು, ಆಪರೇಷನ್ ಆದ ಕಣ್ಣಿಗೆ ಹಸಿರು ಬಟ್ಟೆ ಕಟ್ಟಿಕೊಂಡು ಬಂದಿದ್ದಳು. ಓಣಿಯಲ್ಲಿ ಮೊದಲು ಕಣ್ಣು ಕೊಯ್ಸಿಕೊಂಡವಳು ಅವಳೇ. ಮುಂದೆ ಯಾರೇ ಹೋಗುವುದಿದ್ದರೂ ಅವಳನ್ನು ಕೇಳಿಯೇ ಹೋಗುತ್ತಿದ್ದರು.

ನನ್ನ ಪಟ್ಟಿ ನೋಡಿ ಅವಳು ಹಣೆ ಬಡಿದುಕೊಂಡಳು. "ಅಯ್ಯ ಇವ್ರ! ಚಲೋ ಕಣ್ಣಿಗೆ ಹಚ್ಚ್ಯಾರಲ್ಲ! ಗಡಿಬಿಡ್ಯಾಗ ಕಣ್ಣ ತಪ್ಪ್ಯಾರ. ಕೆಟ್ಟ ಕಣ್ಣಿಗೆ ಕಟ್ಟಬೇಕು, ಅದಕ್ಕ ಗಾಳಿ ಬಿಸಲು ಹತ್ತಬಾರ್ದು, ಆರಾಮ ಬೇಕು. ನನಗ ಹಂಗ ಕಟ್ಟಿದ್ರು, ಗುಣ ಆಗ್ಲಿಲ್ಲೇನು?" ಎಂದು ಎಡಗಣ್ಣಿನಿಂದ ಕಿತ್ತು ಬಲಗಣ್ಣಿಗೆ ಹಚ್ಚಿದಳು. ದಿನಾ ಮುಂಜಾನೆ ನನ್ನ ಗದ್ದ ಹಿಡಿದು ತಾನೇ ಹಚ್ಚುತ್ತಿದ್ದಳು. ಒಂದು ದಿನವೂ ತಪ್ಪಿಸಲಿಲ್ಲ. ನನಗೂ ಅದೇ ಸುಖವಾಗಿತ್ತು. ಚಲೋ ಕಣ್ಣು ತೆರೆದಿದ್ದರಿಂದ ಬೋರ್ಡು ಕಾಣುತ್ತಿತ್ತು, ಗೋಲಿ ಆಡಬಹುದಿತ್ತು.

ನಿನಗೆ ಮಾತ್ರ ನರಕ. ನಿಮ್ಮ ಅವ್ವ ಶಾಕೀರಾ ಚಾಚಿ, ಡಾಕ್ಟರು ಹೇಳಿದ ಕಣ್ಣಿಗೇ ಪಟ್ಟಿ ಹಚ್ಚಿ, ಶಾಲೆ ಬಿಟ್ಟು ಬಂದ ಕೂಡಲೇ ನಿನ್ನ ಮುಂದೆ ಅಕ್ಕಿಯ ಮೊರ ಇಟ್ಟು ಹರಳು ಆರಿಸಲು ಕೂಡಿಸುತ್ತಿದ್ದಳು. ನೀನು ಅಕ್ಕಿಯನ್ನೇ ಹರಳೆಂದು ಎಸೆದು ಬೈಸಿಕೊಳ್ಳುತ್ತಿದ್ದೆ. ಹೊಸ್ತಿಲು ಎಡವಿ ತುಟಿ ಒಡೆದುಕೊಂಡೆ. ಒಂದು ದಿನ ಅಳುತ್ತ ಬಂದು, "ನಿನ್ನ ಪಟ್ಟಿ ಚಲೋ ಐತಿ, ನಂದ ಕೆಟ್ಟ ಪಟ್ಟಿ. ಬದ್ಲಿ ಮಾಡ್ಕೊಳ್ಳೂಣಲೇ" ಎಂದೆ. ನಾನು ಕೊಡುವುದಿಲ್ಲ ಎಂದೆ. ನೋಡು, ಆಗ ಹೊಟ್ಟೆಕಿಚ್ಚು ನಿನ್ನದಾಗಿತ್ತು.

ಒಂಬತ್ತನೆಯ ಇಯತ್ತೆಯಲ್ಲಿ ನಾನು ಶಾಲೆ ಬಿಟ್ಟೆ. ಕಣ್ಣು ಸರಿ ಇಲ್ಲದ್ದರಿಂದ ಬಿಟ್ಟ ಎಂದು ಅವ್ವ ಬಂಧುಬಳಗದಲ್ಲಿ ಹೇಳುತ್ತಾಳೆ. ಅದು ನಿಜ ಅಲ್ಲ. ಎಡಗಣ್ಣಿಂದ ನನಗೆ ಎಲ್ಲ ಓದಲು ಬರುತ್ತಿತ್ತು. ಒಂದೇ ಜಾಗದಲ್ಲಿ ಸಂಜೆತನಕ ಕೂಡಲು ಬರುತ್ತಿರಲಿಲ್ಲ. ಆಮೇಲೆ ಕೆಲಸದಲ್ಲೂ ಅದೇ ಕಥೆ. ಹಿರೇಕೆರೂರಿನ ಗ್ಯಾರೇಜಿನಲ್ಲಿ ಪಾನಾ ಹಿಡಿದರೆ ಬೋಲ್ಟಿನ ಪಕ್ಕಕ್ಕೆ ಹೋಗುತ್ತಿತ್ತು. ಶಿಗ್ಗಾವಿ ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಕಪ್ಪಿನ ಆಚೆಗೆ ಚಹಾ ಸುರಿದು ಒಬ್ಬ ಕಂಡಕ್ಟರನ ತೊಡೆ ಸುಟ್ಟೆ. ಸವಣೂರಿನಲ್ಲಿ ಖಾರ ಕರಿಯುವ ಅಂಗಡಿಯಲ್ಲಿ ಯಾವ ತಪ್ಪೂ ಆಗಲಿಲ್ಲ, ಆದರೂ ಬಿಟ್ಟು ಬಂದೆ. ಕೆಲವು ಕಣ್ಣಿನ ತಪ್ಪು, ಕೆಲವು ನನ್ನ ತಪ್ಪು. ಎರಡನ್ನೂ ಕಣ್ಣಿನ ತಲೆಗೆ ಕಟ್ಟುವುದಿಲ್ಲ.

ನಾನು ಓಡಿಹೋಗದ ಜಾಗ ಒಂದೇ. ಬೇಸಿಗೆಯಲ್ಲಿ ನಿಮ್ಮ ಅಪ್ಪ ಹಿಡಿಯುವ ಮಾವಿನ ತೋಟ.

ಜಾಳಿಗೆ ಕಟ್ಟಿದ ಗಳಕ್ಕೆ ಎಟುಕದ ಕಾಯಿಗಳನ್ನು ಹುಸೇನಸಾಬ ಮಾಮಾ ತುದಿಗೆ ಹತ್ತಿ ಕೈಯಿಂದ ಕಿತ್ತು ಬಿಡುತ್ತಿದ್ದ. ಕೆಳಗೆ ಗೋಣಿ ತಟ್ಟನ್ನು ಜೋಳಿಗೆ ಮಾಡಿ ಹಿಡಿಯಬೇಕು. ನೆಲಕ್ಕೆ ಬಿದ್ದರೆ ಒಳಗೆ ಪೆಟ್ಟಾಗಿ ಹಣ್ಣಾಗುವ ಮೊದಲೇ ಕೊಳೆಯುತ್ತದೆ. ಬೇರೆಯವರು ಒಬ್ಬೊಬ್ಬರೇ ಹಿಡಿಯುತ್ತಿದ್ದರು. ನಮಗೆ ಆಗುತ್ತಿರಲಿಲ್ಲ. ಮೇಲೆ ನೋಡಿದರೆ ಕಾಯಿ ಎಡಕ್ಕಿದೆಯೋ ಬಲಕ್ಕಿದೆಯೋ ತಿಳಿಯುತ್ತಿತ್ತು. ನನ್ನ ಮುಂದಿದೆಯೋ, ನೆತ್ತಿಯ ಮೇಲಿದೆಯೋ, ಬೆನ್ನ ಹಿಂದಿದೆಯೋ ತಿಳಿಯುತ್ತಿರಲಿಲ್ಲ. ಆಗ ನೀನು ಒಂದು ಉಪಾಯ ಹುಡುಕಿದೆ. ಒಬ್ಬ ತಟ್ಟು ಹಿಡಿಯಬೇಕು, ಇನ್ನೊಬ್ಬ ದೂರ, ಅವನ ಮಗ್ಗುಲಿಗೆ ನಿಲ್ಲಬೇಕು. ಹಿಡಿಯುವವನಿಗೆ ಹಿಂದೆ ಮುಂದೆ ಆಗಿದ್ದು ಮಗ್ಗುಲಲ್ಲಿ ನಿಂತವನಿಗೆ ಎಡ ಬಲ ಆಗಿ ಕಾಣುತ್ತದೆ. ಅವನು "ಮುಂದ", "ಹಿಂದ" ಎಂದು ಕೂಗಬೇಕು, ಇವನು ಸರಿಯಬೇಕು. ಆಮೇಲೆ ಮೇಲಿನವನು ಕಾಯಿ ಬಿಡಬೇಕು. ಮೊದಲ ದಿನ ಹುಸೇನಸಾಬ ಮಾಮಾ ಮರದ ಮೇಲಿಂದ, "ಏ, ಕಾಯಿ ಹಿಡಿಯಾಕ ಹತ್ತೀರೋ, ಎತ್ತು ಹೊಡಿಯಾಕ ಹತ್ತೀರೋ?" ಎಂದು ನಕ್ಕ. ಸಂಜೆ ಬುಟ್ಟಿ ನೋಡಿ ನಿಮ್ಮ ಅಪ್ಪ ಎಲ್ಲರಿಗೂ ಕೇಳುವ ಹಾಗೆ, "ಇಬ್ರೂ ಕೂಡಿ ಒಬ್ಬ ಪೂರಾ ಮನಷ್ಯಾ ಆಗ್ಯಾರ ನೋಡ್ರಿ!" ಎಂದ.

ಅವನು ತಮಾಷೆಗೆ ಅಂದದ್ದು. ನನ್ನ ಜೀವನದಲ್ಲಿ ನನ್ನನ್ನು ಯಾರಾದರೂ ಹೊಗಳಿದ್ದಿದ್ದರೆ ಅದೇ ಒಂದು.

ಹೋದ ವರ್ಷ ದೀಪಾವಳಿ ಆದಮೇಲೆ ನೀನು ಕನ್ನಡಕ ಬದಲಿಸಲು ಶಿಗ್ಗಾವಿಗೆ ಹೋದೆ. ಅಲ್ಲಿ ಶನಿವಾರಕ್ಕೊಮ್ಮೆ ಹುಬ್ಬಳ್ಳಿಯಿಂದ ಬಂದು ಕಣ್ಣು ತಪಾಸಣೆ ಮಾಡುವ ಭಾಗ್ಯಶ್ರೀ ಮೇಡಂ ನಿನ್ನನ್ನು ಹಿಡಿದು ಕೂಡಿಸಿದರು. ನಿನ್ನ ಎಡಗಣ್ಣು ಒಂದೇ ಇದ್ದರೆ ಸಣ್ಣ ಅಕ್ಷರವನ್ನೂ ಓದುತ್ತದೆ, ಅದು ಚಿಕ್ಕಂದಿನ ಪಟ್ಟಿಯ ಪುಣ್ಯ. ಆದರೆ ಎರಡೂ ತೆರೆದರೆ ಮೆದುಳು ಅದರ ಮಾತು ಕೇಳುವುದಿಲ್ಲ ಎಂದರಂತೆ. ಒಂಟಿಯಾಗಿ ದುಡಿಯಲು ಕಲಿತ ಕಣ್ಣಿಗೆ ಜೋಡಿಯಾಗಿ ದುಡಿಯಲು ಕಲಿಸಬೇಕು ಎಂದರಂತೆ. ಒಂದು ಕಡೆ ಕೆಂಪು, ಒಂದು ಕಡೆ ನೀಲಿ ಗಾಜಿನ ಕನ್ನಡಕ ಕೊಟ್ಟರು. ಫೋನಿನಲ್ಲಿ ಇಟ್ಟಿಗೆ ಜೋಡಿಸುವ ಆಟ ಹಾಕಿಕೊಟ್ಟರು. ಚಳಿಗಾಲವೆಲ್ಲ ನೀನು ಅದನ್ನು ಆಡಿದೆ. ನಿನ್ನ ಮಾಮಿ ಸುಮೇರಾ, "ಡಾಕ್ಟ್ರು ಆಟ ಆಡಂತಾರಂತ! ಇಂಥಾ ರೋಗ ನಮಗ್ಯಾಕ ಬರೂದಿಲ್ಲೋ" ಎಂದು ಅಣಕಿಸಿದ್ದನ್ನು ನೀನೇ ಹೇಳಿ ನಕ್ಕಿದ್ದೆ. ನಾನೂ ನಕ್ಕೆ. ಆಟದಿಂದ ಕಣ್ಣು ಬರುತ್ತದೆ ಎಂದು ನಾನು ನಂಬಿರಲಿಲ್ಲ. ನಂಬಿದ್ದರೆ ನಗುತ್ತಿರಲಿಲ್ಲ.

ಆಮೇಲೆ ಆ ಫೋನು ಬಂತು. ನೀನು ಹುಲಗೂರಿನ ದರ್ಗಾಕ್ಕೆ ಚಾಚಿಯನ್ನು ಕರೆದುಕೊಂಡು ಹೋಗಿದ್ದೆ. ಹೊರಗೆ ಬೇವಿನ ಮರದ ಕೆಳಗೆ ನಿಂತು ಮಾಡಿದ್ದೆ. ಮಾತು ಹೊರಡುತ್ತಿರಲಿಲ್ಲ ನಿನಗೆ. "ಸುಭಾಸ, ಎಲಿ ಒಂದಕ್ಕೊಂದು ಹತ್ತಿಲ್ಲಲೇ. ಎಲಿಗೂ ಎಲಿಗೂ ನಡುವ ಜಾಗ ಐತಿ. ಒಳಗ ಕೈ ಹಾಕಬಹುದು ಅನಿಸ್ತೈತಿ. ಅವ್ವನ ಮೂಗು ಮುಂದ ಬಂದೈತಲೇ!" ಎಂದು ನಗುತ್ತಿದ್ದೆ, ಅಳುತ್ತಿದ್ದೆ. ನಾನು ಕಟ್ ಮಾಡಿದೆ. ಚಾರ್ಜು ಮುಗಿದಿರಬೇಕು ಎಂದು ನೀನು ತಿಳಿದುಕೊಂಡೆಯಂತೆ. ಮುಗಿದಿರಲಿಲ್ಲ.

ನಮ್ಮ ಹಿತ್ತಲಲ್ಲೂ ಬೇವಿನ ಮರವಿದೆ. ಕತ್ತು ನೋಯುವತನಕ ಅದನ್ನು ನೋಡಿದೆ. ಎಲೆಯ ಮೇಲೆ ಎಲೆ, ಗೋಡೆಗೆ ಬರೆದ ಹಾಗೆ. ತಲೆ ಆಚೆ ಈಚೆ ಅಲ್ಲಾಡಿಸಿದರೆ ಯಾವುದು ಮುಂದು ಎಂದು ಲೆಕ್ಕ ಸಿಗುತ್ತದೆ, ಹಾಗೆಯೇ ನಾನು ಇಷ್ಟು ದಿನ ಬದುಕಿದ್ದು. ನನಗೆ ಕಾಣುವುದರಲ್ಲಿ ಏನೋ ಕಡಿಮೆ ಇದೆ ಎಂದು ಅಂದಿನವರೆಗೆ ಅನಿಸಿರಲಿಲ್ಲ. ನೀನು ಹೇಳಿದ ಮೇಲೆ ಕಡಿಮೆಯಾಯಿತು.

ಅದಕ್ಕಿಂತಲೂ ಉರಿದದ್ದು ಬೇರೆ. ನಿನಗೆ ತಿಳಿಯದ ದೂರವನ್ನು ಹೇಳುವವನು ನಾನಾಗಿದ್ದೆ. ನಿನ್ನ ಎರಡನೆಯ ಕಣ್ಣು ನಾನು ಎಂದು ತಿಳಿದುಕೊಂಡಿದ್ದೆ. ಇಷ್ಟು ವರ್ಷ ಮಲಗಿದ್ದ ನಿನ್ನ ಎಡಗಣ್ಣು ಎದ್ದು ಬಂದು ನನ್ನ ಜಾಗದಲ್ಲಿ ಕೂತುಬಿಟ್ಟಿತು. ಅದಕ್ಕೆ ನಾನು ಏನು ಹೇಳಲಿ? ಏಳು ಎನ್ನಲೇ?

ಈಗ ಜಗಳದ ದಿನಕ್ಕೆ ಬರುತ್ತೇನೆ. ತಿಳವಳ್ಳಿಯ ತೋಟದಲ್ಲಿ ಕೊಯ್ಲು ಶುರುವಾಗಿತ್ತು. ನೀನು ಈಗ ಯಜಮಾನ. ಮರ ಹತ್ತಬಹುದಿತ್ತು, ನೆರಳಲ್ಲಿ ಕೂತು ಲಾರಿಯವನ ಜೊತೆ ಮಾತಾಡಬಹುದಿತ್ತು. ನೀನು ಬಂದು ತಟ್ಟು ಹಿಡಿದು, "ಕೂಗಲೇ, ಮೊದಲಿನಂಗ" ಎಂದೆ. ನಾನು ಮಗ್ಗುಲಿಗೆ ಹೋಗಿ ನಿಂತೆ. ಕೂಗಿದೆ. ನೀನು ಹಿಡಿದೆ. ನಾನು ಕೂಗುವ ಮೊದಲೇ ನಿನ್ನ ಕಾಲು ಸರಿಯಾದ ಜಾಗಕ್ಕೆ ಹೋಗಿರುತ್ತಿತ್ತು. ನಾನು ಕೂಗಿದ ಮೇಲೆ ನೀನು ಸುಳ್ಳೇ ಒಂದು ಸಲ ಕದಲುತ್ತಿದ್ದೆ. ನನಗೆ ಕಾಣುವುದಿಲ್ಲ ಎಂದುಕೊಂಡಿದ್ದೆಯಾ? ನಿನ್ನ ಕಾಲು ನೋಡುವುದೇ ನನ್ನ ಕೆಲಸವಾಗಿತ್ತಲ್ಲೋ.

ಆ ದೊಡ್ಡ ಗೊಂಚಲು ಬಂತು. ಬಿಸಿಲು ಕಣ್ಣಿಗೆ ಹೊಡೆದು ನನಗೆ ಅಂದಾಜು ತಪ್ಪಿತು. "ಮುಂದ" ಎಂದು ಕೂಗಿದೆ. ಅದು ತಪ್ಪು. ನೀನು ಆಗಲೇ ಹಿಂದಕ್ಕೆ, ಸರಿಯಾದ ಜಾಗಕ್ಕೆ ಹೋಗಿ ನಿಂತಿದ್ದೆ. ನನ್ನ ದನಿ ಕೇಳಿ ಮುಂದಕ್ಕೆ ಬಂದೆ. ಬೇಕಂತಲೇ ಬಂದೆ. ಕಾಯಿಗಳು ನಿನ್ನ ಬೆನ್ನ ಹಿಂದೆ ಧಪಧಪ ಬಿದ್ದು ಒಡೆದವು. ಹುಸೇನಸಾಬ ಮಾಮಾ ಮೇಲಿಂದ, "ಏ ಮಾಲಕ, ಎಲ್ಲಿ ನೋಡ್ತಿ?" ಎಂದು ಬೈದ. ನೀನು ನಕ್ಕು, "ಬಿಡು ಮಾಮಾ, ನನ್ನ ಕಣ್ಣ ತಪ್ಪಿತು" ಎಂದೆ.

ನಾನು ನಿನ್ನ ಹತ್ತಿರ ಬಂದು ಕೇಳಿದೆ. "ನಿನ್ನ ಕಾಲು ಹಿಂದ ಹೋಗಿತ್ತು. ಮುಂದ ಯಾಕ ಬಂದಿ?"

"ನೀ ಮುಂದ ಅಂದೆಲ್ಲೋ."

"ನಾ ತಪ್ಪ ಹೇಳಿದ್ದು ನಿನಗ ಕಾಣಿಸ್ತೋ ಇಲ್ಲೋ?"

ನೀನು ಒಡೆದ ಕಾಯಿ ಆರಿಸಲು ಬಗ್ಗಿದೆ. ಆಮೇಲೆ ಮೆತ್ತಗೆ, "ಎರಡ ಕಾಯಿ ಹೋದ್ರ ಏನಾತಲೇ" ಎಂದೆ. ಆ ಮೆತ್ತಗಿನ ದನಿಗೆ ನಾನು ತಟ್ಟು ಕಸಿದು ಎಸೆದೆ. "ನನಗ ಕುರುಡನ ಪಾರ್ಟ್ ಮಾಡಿ ತೋರಿಸಬ್ಯಾಡ! ನಿನಗ ಬೇಕಾಗಿಲ್ಲಂದ್ರ ಬ್ಯಾಡ ಅನ್ನು!" ಎಂದು ಎಲ್ಲರ ಮುಂದೆ ಒದರಿ ನಡೆದುಬಿಟ್ಟೆ. ಹಿಂದಿನಿಂದ ನೀನು ಕೂಗಿದ್ದು ಕೇಳಿಸಿತು. ತಿರುಗಲಿಲ್ಲ. ತಿರುಗಿದ್ದರೆ ನನ್ನ ಮುಖ ಕಾಣುತ್ತಿತ್ತು.

ಇದರ ಮುಂದಿನದು ನಿನಗೆ ಗೊತ್ತಿಲ್ಲ. ಆ ಶನಿವಾರ ನಾನು ಒಬ್ಬನೇ ಶಿಗ್ಗಾವಿಗೆ ಹೋದೆ. ನೀನು ಚಳಿಗಾಲದಲ್ಲಿ ಎಷ್ಟೋ ಸಲ ಕರೆದಾಗ ಬರದವನು ಸಿಟ್ಟಿನಲ್ಲಿ ಹೋದೆ. ನಿನಗೆ ಸಿಕ್ಕದ್ದು ನನಗೂ ಸಿಗಬೇಕು ಎಂದಷ್ಟೇ ಮನಸ್ಸಿನಲ್ಲಿತ್ತು.

ಮೇಡಂ ನನಗೆ ಕಪ್ಪು ಕನ್ನಡಕ ಹಾಕಿ ದೊಡ್ಡ ನೊಣದ ಚಿತ್ರ ಮುಂದೆ ಇಟ್ಟರು. "ಇದರ ರೆಕ್ಕಿ ಹಿಡಿ ನೋಡೂಣ" ಎಂದರು. ಎರಡೂ ಕಣ್ಣು ಕೂಡಿ ನೋಡುವವರಿಗೆ ನೊಣ ಹಾಳೆಯಿಂದ ಎದ್ದು ಕಾಣುತ್ತದೆ ಎಂದು ನೀನು ಎಲ್ಲ ಹೇಳಿದ್ದೆ. ಮೊದಲ ಸಲ ಹಾಳೆ ಮುಟ್ಟಿದ್ದು, ತರಬೇತಿ ಆದಮೇಲೆ ನೊಣ ಎದ್ದು ನಿಂತು ಗಾಳಿಯಲ್ಲಿ ರೆಕ್ಕೆ ಹಿಡಿದದ್ದು. ಹೀಗಾಗಿ ಸರಿ ಉತ್ತರ ನನಗೆ ಗೊತ್ತಿತ್ತು. ಹಾಳೆಯಿಂದ ಎರಡು ಬೆರಳು ಮೇಲೆ ಚಿವುಟಿದರೆ ಸಾಕು. ಕೈ ಮುಂದೆ ಹೋಯಿತು. ನಿನಗೆ ಸಮ ಆಗಿಬಿಡಬೇಕು ಎನ್ನುವ ಆಸೆ ಎಷ್ಟಿತ್ತೆಂದರೆ ಬೆರಳು ಚಿವುಟಲು ಆಗಲೇ ಕೂಡಿದ್ದವು. ಆದರೆ ನೊಣ ಹಾಳೆಯ ಮೇಲೇ ಇತ್ತು. ನಾನು ಹಾಳೆ ಮುಟ್ಟಿದೆ. "ಇಲ್ಲೇ ಐತ್ರಿ. ಚಪ್ಪಟೆ" ಎಂದೆ.

ಅವರು ಒಂದೊಂದೇ ಕಣ್ಣು ಮುಚ್ಚಿ ಓದಿಸಿದರು. ಬಲಗಣ್ಣಿಗೆ ದೊಡ್ಡ ಅಕ್ಷರವೂ ಸರಿಯಾಗಿ ಸಿಗಲಿಲ್ಲ. "ಸಣ್ಣಾವಿದ್ದಾಗ ಪಟ್ಟಿ ಹಾಕಿಲ್ಲೇನು?" ಎಂದು ಕೇಳಿದರು. ಹಾಕಿತ್ತು ಎಂದೆ. "ಯಾವ ಕಣ್ಣಿಗೆ?" ನಾನು ಬಲಗಣ್ಣು ತೋರಿಸಿದೆ. ಮೇಡಂ ಪೆನ್ನು ಕೆಳಗಿಟ್ಟರು. ಮತ್ತೊಂದು ಸಲ ಕೇಳಿದರು. ಮತ್ತೆ ಬಲಗಣ್ಣು ತೋರಿಸಿದೆ. ಅವರು ಏನೂ ಹೇಳುವ ಮೊದಲೇ, ಅವರ ಮುಖ ನೋಡುತ್ತ ನೋಡುತ್ತ, ನನಗೆ ತಿಳಿದುಹೋಯಿತು. ಶಿಬಿರದಲ್ಲಿ ಹೇಳಿದ್ದನ್ನು ನಾನು ಯಾವತ್ತೋ ಮರೆತುಬಿಟ್ಟಿ‌ದ್ದೆ. ಪಟ್ಟಿ ನನಗೂ ಹಾಕಿದ್ದರು, ನನಗೆ ಹತ್ತಲಿಲ್ಲ, ನಿನಗೆ ಹತ್ತಿತು, ಅದು ನಿನ್ನ ನಸೀಬು ಎಂದೇ ಇಷ್ಟು ವರ್ಷ ನಂಬಿದ್ದೆ.

ಮೇಡಂ ಸಮಾಧಾನ ಹೇಳಲಿಲ್ಲ, ಅದು ನನಗೆ ಸೇರಿತು. "ಜನ ಇದಕ್ಕ ಸೋಮಾರಿ ಕಣ್ಣು ಅಂತಾರ. ಕಣ್ಣು ಸೋಮಾರಿ ಅಲ್ಲ. ಅದು ನೋಡಿ ಹೇಳ್ತದ, ಮೆದುಳು ಕಿವಿ ಕೊಡೂದಿಲ್ಲ. ಎರಡ ಕಣ್ಣು ಎರಡ ಜಾಗದಾಗ ಅದಾವಲ್ಲ, ಒಂದಕ್ಕ ಕಂಡಿದ್ದು ಇನ್ನೊಂದಕ್ಕ ಒಂಚೂರು ಬ್ಯಾರೆ ಕಾಣ್ತದ. ಆ ಫರಕಿನಿಂದ ಮೆದುಳು ದೂರ ಎಷ್ಟು ಅಂತ ಗೊತ್ತ ಮಾಡ್ಕೊಳ್ತದ. ನಿಂದು ಒಬ್ಬನ ಮಾತಷ್ಟ ಕೇಳಿ ರೂಢಿ ಆಗೇತಿ" ಎಂದರು. ನಾನು ನಕ್ಕುಬಿಟ್ಟೆ. ಯಾಕೆ ಎಂದು ಕೇಳಿದರು. ಮಾವಿನ ತೋಟದಲ್ಲಿ ನಾವು ಮಾಡುತ್ತಿದ್ದದ್ದನ್ನು ಹೇಳಿದೆ. ಅವರು ಕುರ್ಚಿ ಮುಂದೆ ಎಳೆದುಕೊಂಡು ಪೂರ್ತಿ ಕೇಳಿ, "ಯಾರ ಹೇಳಿಕೊಟ್ರು?" ಎಂದರು. ಜಾಹೀದ ಎಂದೆ. ನಿನ್ನ ಹೆಸರು ಹೇಳುವಾಗಲೂ ಹೊಟ್ಟೆ ಉರಿಯುತ್ತಿತ್ತು, ಆದರೆ ಉಪಾಯ ನಿನ್ನದೇ.

ಆಮೇಲೆ ಆ ಕೆಂಪು ನೀಲಿ ಕನ್ನಡಕ ಹಾಕಿದರು. ಪರದೆಯ ಮೇಲೆ ಎರಡು ಬಣ್ಣದ ಇಟ್ಟಿಗೆಗಳಿದ್ದವಂತೆ. ನನಗೆ ಎಡಗಣ್ಣಿನ ಬಣ್ಣದವು ಮಾತ್ರ ಕಂಡವು. ಮೇಡಂ ಎಡಗಣ್ಣಿನ ಪಾಲಿನ ಬೆಳಕನ್ನು ತಗ್ಗಿಸುತ್ತ ಹೋದರು. "ಜೋರಾಗಿ ಮಾತಾಡೋ ಕಣ್ಣಿನ ದನಿ ಸಣ್ಣ ಮಾಡಾಕತ್ತೇವಿ. ಎರಡೂ ಸಮ ಆದಾಗ ಮೆದುಳು ಎರಡನ್ನೂ ತಗೊಂಡರೂ ತಗೊಂಡೀತು" ಎಂದರು. ತಗ್ಗಿಸಿದರು, ಇನ್ನೂ ತಗ್ಗಿಸಿದರು. ಎಡಗಣ್ಣಿನ ಇಟ್ಟಿಗೆಗಳು ಹೊಗೆಯಾದವು. ಆಗ ಎಲ್ಲಿಂದಲೋ ಬಲಗಣ್ಣಿನ ಇಟ್ಟಿಗೆಗಳು ಬಂದವು, ಮಸುಕಾಗಿ, ಕದಲುತ್ತ. ಎರಡೂ ಒಟ್ಟಿಗೆ ನಿಂತವು. ನಾನು "ಬಂತ್ರೀ" ಎನ್ನುವಷ್ಟರಲ್ಲಿ ಹೋದವು.

ಅಷ್ಟೇ. ಎಲೆಗಳ ನಡುವೆ ಜಾಗ ಕಾಣಲಿಲ್ಲ, ಯಾರ ಮೂಗೂ ಮುಂದೆ ಬರಲಿಲ್ಲ.

ಮೇಡಂ ಹೇಳಿದ್ದನ್ನು ಕೂಡಿಸದೆ ಕಳೆಯದೆ ಬರೆಯುತ್ತೇನೆ. ನಿನ್ನ ಹಾಗೆ ನೇರವಾಗಿ ಎರಡೂ ಕಣ್ಣಿನ ತರಬೇತಿಗೆ ಹೋಗಲು ನನಗೆ ಆಗುವುದಿಲ್ಲ. ಮೊದಲು ಹೊಸ ಕನ್ನಡಕ, ದಿನಾ ಒಂದಿಷ್ಟು ಹೊತ್ತು ಎಡಗಣ್ಣಿಗೆ ಪಟ್ಟಿ. ಬಲಗಣ್ಣು ಸ್ವಲ್ಪ ಚುರುಕಾದರೆ ಆಮೇಲೆ ಜೋಡಿ ಆಟ. ಈ ವಯಸ್ಸಿನಲ್ಲಿ ಸುಧಾರಿಸಿದವರೂ ಇದ್ದಾರೆ, ಏನೂ ಆಗದವರೂ ಇದ್ದಾರೆ. ಒಂದು ವಸ್ತು ಎರಡೆರಡು ಕಂಡರೆ ನಿಲ್ಲಿಸಿ ಓಡಿ ಬರಬೇಕು. "ಜಾಹೀದನಷ್ಟು ಆಗ್ತದೇನ್ರಿ?" ಎಂದು ಕೇಳಿದೆ. "ಹೇಳಾಕ ಬರೂದಿಲ್ಲ. ಆಗಲಿಕ್ಕಿಲ್ಲ ಅನಸ್ತದ" ಎಂದರು.

ಬಸ್ಸಿನಲ್ಲಿ ಬರುವಾಗ ಬಂಕಾಪುರದಿಂದ ಹಾನಗಲ್ಲಿನತನಕ ಒಂದೇ ವಿಚಾರ. ಮೇಡಂ ಒಂದು ಕಣ್ಣಿನ ಬೆಳಕು ತಗ್ಗಿಸಿ ಇನ್ನೊಂದನ್ನು ಎಬ್ಬಿಸಿದರು. ತೋಟದಲ್ಲಿ ನೀನೂ ನಿನ್ನ ಬೆಳಕು ತಗ್ಗಿಸಿ ನನ್ನನ್ನು ಎಬ್ಬಿಸಲು ನೋಡಿದೆ. ಅದು ಔಷಧ, ಇದು ಯಾಕೆ ಅವಮಾನವಾಯಿತು? ಫರಕು ಇಷ್ಟೇ: ಮೇಡಂ ನನಗೆ ಹೇಳಿ ಮಾಡಿದರು. ನೀನು ನನಗೆ ತಿಳಿಯದ ಹಾಗೆ ಮಾಡಿದೆ. ನಿನ್ನ ಮನಸ್ಸು ಕೆಟ್ಟದ್ದಾಗಿರಲಿಲ್ಲ ಎಂದು ನನಗೆ ಗೊತ್ತು. ಕೆಟ್ಟದ್ದಾಗಿದ್ದರೆ ಸಿಟ್ಟು ಇಷ್ಟು ದಿನ ಉಳಿಯುತ್ತಿರಲಿಲ್ಲ.

ಮನೆಗೆ ಬಂದಾಗ ಆಯಿ ಮೆಂತೆ ಸೊಪ್ಪು ಸೋಸುತ್ತಿದ್ದಳು. "ಏನಂದ್ರೋ ಡಾಕ್ಟರಬಾಯಿ?" ಎಂದಳು. ಸುಳ್ಳು ಹೇಳಬಹುದಿತ್ತು. ನನಗೆ ಬರುವುದಿಲ್ಲ, ಅದೂ ಒಂದು ರೋಗ. "ಪಟ್ಟಿ ತಪ್ಪ ಕಣ್ಣಿಗೆ ಹಚ್ಚಿತ್ತಂತ ಆಯಿ" ಎಂದೆ. ಅವಳ ಕೈ ನಿಂತಿತು. "ಯಾರ ಹಚ್ಚಿದ್ದು?" ಎಂದಳು, ಗೊತ್ತಿದ್ದೂ. "ನೀನ" ಎಂದೆ. ಅವಳು ಸೋಸಿದ ಸೊಪ್ಪನ್ನೂ ಕಡ್ಡಿಯ ರಾಶಿಗೇ ಹಾಕಿದಳು. "ನನಗ ಹಂಗ ಕಟ್ಟಿದ್ರಲ್ಲಪಾ, ತಮ್ಮಾ" ಎಂದಷ್ಟೇ ಅಂದಳು. ಮರುದಿನ ಮುಂಜಾನೆ ಚಹಾ ತಂದಿಟ್ಟು, "ಈಗ ಯಾವ ಕಣ್ಣಿಗೆ ಹಚ್ಚೂದು? ಬೊಟ್ಟ ಇಟ್ಟು ತೋರ್ಸು. ನಾ ಮುಟ್ಟೂದಿಲ್ಲ, ನೋಡ್ಕೊಂಡು ಕುಂದರ್ತೇನಿ ಅಷ್ಟ" ಎಂದಳು.

ಅವಳ ಮೇಲೆ ಸಿಟ್ಟು ಮಾಡುವುದು ನನ್ನಿಂದ ಆಗಲಿಲ್ಲ. ಪ್ರೀತಿಯಿಂದ ದಿನವೂ ತಪ್ಪದೆ ಮಾಡಿದ್ದಕ್ಕೆ ಸಿಟ್ಟು ಮಾಡುವುದು ಹೇಗೆ? ಹಾಗಾಗಿ ಅದೂ ನಿನ್ನ ಪಾಲಿಗೇ ಬಂತು. ನಿನ್ನ ಅವ್ವ ಡಾಕ್ಟರ ಮಾತು ಕೇಳಿದಳಲ್ಲ, ನಿನ್ನನ್ನು ಅಳಿಸಿ ಅಕ್ಕಿ ಆರಿಸಿದಳಲ್ಲ, ಅದರ ಮೇಲೂ ಈಗ ನನಗೆ ಹೊಟ್ಟೆಕಿಚ್ಚು. ನಿನ್ನ ಒಡೆದ ತುಟಿಯ ಮೇಲೂ. ಒಂದು ಕಾಲಕ್ಕೆ ನಾನು ಕೊಡುವುದಿಲ್ಲ ಎಂದ ನನ್ನ ಸುಖದ ಪಟ್ಟಿಯನ್ನು ನೀನು ಕಸಿದುಕೊಂಡಿದ್ದರೆ ಎಷ್ಟು ಚಲೋ ಆಗುತ್ತಿತ್ತು.

ಇನ್ನು ನಿನ್ನ ಪ್ರಶ್ನೆಗೆ ಉತ್ತರ. ದೋಸ್ತಿ ಮುಗಿದಿಲ್ಲ. ಮುಗಿಸಲು ಈ ವಾರವೆಲ್ಲ ಪ್ರಯತ್ನ ಮಾಡಿದೆ, ಆಗಲಿಲ್ಲ. ಸೋಮವಾರದಿಂದ ತೋಟಕ್ಕೆ ಬರುತ್ತೇನೆ. ಆದರೆ ಕೂಗುವುದಿಲ್ಲ. ನಿನಗೆ ಕೂಗುವವನು ಬೇಕಾಗಿಲ್ಲ, ಇದ್ದದ್ದು ಇದ್ದ ಹಾಗೆ ಒಪ್ಪಿಕೊಳ್ಳೋಣ. ಹುಲ್ಲು ಹಾಸಿ ಕಾಯಿ ಹೊಂದಿಸುವಲ್ಲಿ ಕೂಡುತ್ತೇನೆ. ಕಾಯಿಗೆ ಪೆಟ್ಟಾಗಿದೆಯೋ ಇಲ್ಲವೋ ಎನ್ನುವುದನ್ನು ಹೆಬ್ಬೆರಳು ಹೇಳುತ್ತದೆ, ಅದಕ್ಕೆ ಕಣ್ಣೇ ಬೇಡ. ನನ್ನ ಸಲುವಾಗಿ ಇನ್ನೊಂದು ಕಾಯಿ ನೆಲಕ್ಕೆ ಬಿಟ್ಟೆಯೋ, ಅವತ್ತೇ ಎದ್ದು ಹೋಗುತ್ತೇನೆ, ಈ ಸಲ ಪತ್ರವೂ ಬರುವುದಿಲ್ಲ.

ಇನ್ನೊಂದಿದೆ. ಇದನ್ನು ಬರೆಯಲಿಕ್ಕೇ ಮೇಲಿನದೆಲ್ಲ ಬರೆದೆ ಎಂದು ಈಗ ಅನಿಸುತ್ತಿದೆ. ನಾಳೆಯಿಂದ ದಿನಾ ಸಂಜೆ ಎಡಗಣ್ಣು ಮುಚ್ಚಬೇಕು. ನಿನ್ನೆ ಒಂದು ಸಲ ಮುಚ್ಚಿ ನೋಡಿದೆ. ಅಂಗಳವೆಲ್ಲ ನೀರಿನಲ್ಲಿ ಮುಳುಗಿದ ಹಾಗಾಯಿತು, ಆಯಿಯ ಮುಖ ಯಾವುದು ಗೋಡೆ ಯಾವುದು ತಿಳಿಯಲಿಲ್ಲ, ಹೆದರಿ ಕಿತ್ತುಹಾಕಿದೆ. ಒಬ್ಬನೇ ಇದ್ದರೆ ದಿನಾ ಕಿತ್ತುಹಾಕುತ್ತೇನೆ, ನನ್ನ ಗುಣ ನನಗೆ ಗೊತ್ತು, ನಾನು ಎಲ್ಲಿಯೂ ನಿಂತವನಲ್ಲ. ಆಯಿ ಪಕ್ಕದಲ್ಲಿ ಕೂತರೆ ಅಳುತ್ತಾಳೆ, ಅವಳು ಅತ್ತರೂ ಕಿತ್ತುಹಾಕುತ್ತೇನೆ. ಈ ದಾರಿಯನ್ನು ಒಂಬತ್ತು ವರ್ಷದವನಾಗಿದ್ದಾಗಲೇ ನಡೆದು ಮುಗಿಸಿದವನು ನಮ್ಮೂರಿನಲ್ಲಿ ನೀನೊಬ್ಬನೇ. ಅದಕ್ಕೇ ನಿನ್ನನ್ನು ಕೇಳಬೇಕಾಗಿದೆ, ಕೇಳಲು ಮೈಯೆಲ್ಲ ಉರಿಯುತ್ತಿದೆ, ಆದರೂ ಕೇಳುತ್ತಿದ್ದೇನೆ: ಸಂಜೆ ಬಾ. ಪಕ್ಕದಲ್ಲಿ ಕೂಡು. ನಾನು ಪಟ್ಟಿಗೆ ಕೈ ಹಚ್ಚಿದರೆ ಕೈ ಮೇಲೆ ಹೊಡಿ. ಸರಿಹೋಗುತ್ತದೆ ಎಂದು ಮಾತ್ರ ಹೇಳಬೇಡ.

ನಿನ್ನ ಎರಡೂ ಕಣ್ಣು ತಣ್ಣಗಿರಲಿ. ಇದನ್ನು ಹಲ್ಲು ಕಚ್ಚಿ ಬರೆದಿದ್ದೇನೆ, ಆದರೆ ಸುಳ್ಳು ಬರೆದಿಲ್ಲ.

ನಿನ್ನ ದೋಸ್ತ,
ಸುಭಾಸ